ಬಿಲ್ಲು, ಬಿಲ್ಲೆ

ಮೊದಲ ದಿನ: ಇರ್ವಿನ್ ರಸ್ತೆ, ಶ್ರೀರಂಗಪಟ್ಟಣ

ಹೊರಡುವ ಹಿಂದಿನ ರಾತ್ರಿ ಅಮ್ಮನ ಟ್ರಂಕಿನಿಂದ ಬಿಲ್ಲೆ ತೆಗೆದಿಟ್ಟುಕೊಂಡೆ. ಹಿತ್ತಾಳೆಯದು, ಅಂಗೈ ತುಂಬುವಷ್ಟು ದೊಡ್ಡದು. ನಡುವೆ ಗಂಡಭೇರುಂಡ, ಅಂಚಿನಲ್ಲಿ ಸವೆದುಹೋದ ಅಕ್ಷರ. ಅಮ್ಮನ ಅಪ್ಪ, ಅಂದರೆ ನಮ್ಮ ತಾತ, ಮಹಾರಾಜರ ಸರ್ಕಾರದಲ್ಲಿ ಕಾಕನಕೋಟೆ ಕಡೆ ಫಾರೆಸ್ಟ್ ಗಾರ್ಡ್ ಆಗಿದ್ದವರು; ಅವರ ಹುದ್ದೆಯ ಗುರುತು ಈ ಬಿಲ್ಲೆ. ಆಯುಧಪೂಜೆ ಬಂತೆಂದರೆ ಈಳಿಗೆಮಣೆ, ಮಚ್ಚು, ತಮ್ಮನ ಕಾರಿನ ಜೊತೆ ಈ ಬಿಲ್ಲೆಗೂ ಹುಣಸೆಹಣ್ಣು ಹಾಕಿ ಉಜ್ಜಿ, ಕುಂಕುಮ ಇಟ್ಟು, ಒಂದು ಸೇವಂತಿಗೆ ಏರಿಸುವುದು ನಮ್ಮ ಮನೆಯ ವಾಡಿಕೆ.

"ಅದ್ಯಾಕೆ ಈಗ?" ಅಂದರು ಅಮ್ಮ.

"ತಾತ ಇದ್ದ ಕಡೆಗೇ ಹೋಗ್ತಿದ್ದೀವಲ್ಲಮ್ಮ, ಜೊತೇಲಿರಲಿ."

"ಹಂಗಾದ್ರೆ ಬರ್ತಾ ಜೇನುತುಪ್ಪ ತಗೊಂಡು ಬಾ. ನಮ್ಮಪ್ಪ ತರೋರಲ್ಲ, ಅಂಥದ್ದು."

ನಾನು ಅಂಚೆ ಇಲಾಖೆಯಲ್ಲಿದ್ದು ನಿವೃತ್ತಳಾದವಳು. ತಮ್ಮ ನಾಲ್ಕು ದಿನ ರಜೆ ಹಾಕಿ ಕಾರು ಓಡಿಸಲು ಒಪ್ಪಿದ್ದ. ತಲೆಯಲ್ಲಿ ಇದ್ದದ್ದು ಒಂದೇ ಪ್ರಶ್ನೆ. ಬಿರ್ಸಾ ಮುಂಡಾ ಹೆಸರು ನಮ್ಮ ಮಕ್ಕಳಿಗೆಲ್ಲ ಗೊತ್ತು. 1900ರ ಜೂನ್‌ನಲ್ಲಿ ರಾಂಚಿ ಜೈಲಿನಲ್ಲಿ ಸತ್ತ ಹುಡುಗ, ಕಾಡು-ನೆಲಕ್ಕಾಗಿ ಬ್ರಿಟಿಷರ ಮೇಲೆ ಬಿಲ್ಲೆತ್ತಿದವನು. ನಮ್ಮ ಮೈಸೂರು ಸೀಮೆಯ ಕಾಡಿನವರು ಮಾತ್ರ ಸುಮ್ಮನೆ ಕೂತಿದ್ದರೇ?

ಹುಡುಕಾಟ ಮನೆಯಿಂದ ಮೂರು ಕಿಲೋಮೀಟರ್ ದೂರದಲ್ಲೇ ಶುರುವಾಯಿತು. ಇರ್ವಿನ್ ರಸ್ತೆಯಲ್ಲಿ ವೆಲ್ಲಿಂಗ್ಟನ್ ಹೌಸ್ ಅಂತ ಒಂದು ಹಳೇ ಕಟ್ಟಡ ಇದೆ. ಅದರ ಮುಂದೆ ಎಷ್ಟು ವರ್ಷ ಓಡಾಡಿದ್ದೇನೋ, ಒಳಗೆ ಕಾಲಿಟ್ಟಿರಲಿಲ್ಲ. ಊರಲ್ಲಿದ್ದವರಿಗೆ ಊರಿನ ಮ್ಯೂಸಿಯಂ ಕಾಣುವುದಿಲ್ಲ. 1799ರಲ್ಲಿ ಟಿಪ್ಪು ಬಿದ್ದ ಮೇಲೆ ಕರ್ನಲ್ ಆರ್ಥರ್ ವೆಲ್ಲೆಸ್ಲಿ, ಮುಂದೆ ಡ್ಯೂಕ್ ಆಫ್ ವೆಲ್ಲಿಂಗ್ಟನ್ ಆದವನು, ಇಲ್ಲಿ ವಾಸವಾಗಿದ್ದ ಅನ್ನುತ್ತಾರೆ. ಈಗ ಅಲ್ಲಿರುವುದು ಇಂದಿರಾ ಗಾಂಧಿ ರಾಷ್ಟ್ರೀಯ ಮಾನವ ಸಂಗ್ರಹಾಲಯದ ದಕ್ಷಿಣ ಕೇಂದ್ರ. ಬುಡಕಟ್ಟು ಜನರ ಬದುಕನ್ನು ತೋರಿಸುವ ಜಾಗ.

ಇದರಲ್ಲಿ ಇರುವ ತಮಾಷೆ ಗೊತ್ತಾಗಬೇಕಾದರೆ ವೆಲ್ಲೆಸ್ಲಿ ಆ ದಿನಗಳಲ್ಲಿ ಏನು ಮಾಡುತ್ತಿದ್ದ ಅನ್ನುವುದು ಗೊತ್ತಿರಬೇಕು. ಮೈಸೂರಿನ ನೈರುತ್ಯಕ್ಕೆ ವಯನಾಡಿನ ಕಾಡಿನಲ್ಲಿ ಕೋಟ್ಟಯಂ ಮನೆತನದ ಪಳಸ್ಸಿ ರಾಜ ಈಸ್ಟ್ ಇಂಡಿಯಾ ಕಂಪನಿಗೆ ಸೆಡ್ಡು ಹೊಡೆದಿದ್ದ. ಅವನ ಬಲ ಅಂದರೆ ಕುರಿಚಿಯರು ಮತ್ತು ಕುರುಮರು, ಕಾಡಿನ ಬಿಲ್ಲುಗಾರರು. ಅವರನ್ನು ಬಗ್ಗಿಸಬೇಕಾದರೆ ಕಾಡೊಳಗೆ ರಸ್ತೆ ಬೇಕು, ಠಾಣೆ ಬೇಕು, ಅಕ್ಕಿ ಹೋಗುವ ದಾರಿ ಬೇಕು ಎಂದು ಲೆಕ್ಕ ಹಾಕಿದವನು ವೆಲ್ಲೆಸ್ಲಿ. 1801ರ ಜನವರಿಯಲ್ಲಿ ಕರ್ನಲ್ ಸ್ಟೀವನ್‌ಸನ್ ಮೈಸೂರು ಕಡೆಯಿಂದಲೇ ದಂಡು ತೆಗೆದುಕೊಂಡು ವಯನಾಡಿಗೆ ನುಗ್ಗಿದ. ಬಿಲ್ಲುಗಾರರ ಮೇಲೆ ದಂಡು ಕಳಿಸಿದವನ ಹೆಸರಿನ ಮನೆಯಲ್ಲಿ ಇವತ್ತು ಆ ಜನರ ಕೈಕೆಲಸ ನೋಡಲು ನಾವು ಚಪ್ಪಲಿ ಸದ್ದು ಮಾಡದೆ ನಡೆಯುತ್ತೇವೆ. ಈ ವಿಚಾರವಾಗಿ ಅಲ್ಲೊಂದು ಫಲಕವಾದರೂ ಇದೆಯೇ ಎಂದು ಹುಡುಕಿದೆ. ನನ್ನ ಕಣ್ಣಿಗೆ ಬೀಳಲಿಲ್ಲ.

ಸಂಜೆ ಶ್ರೀರಂಗಪಟ್ಟಣಕ್ಕೆ ಹೋಗಿ ದರಿಯಾ ದೌಲತ್ ನೋಡಿದೆವು. ಟಿಪ್ಪುವಿನ ಬೇಸಗೆ ಅರಮನೆ. ಇಲ್ಲೂ ವೆಲ್ಲೆಸ್ಲಿ ಬಿಡಾರ ಹೂಡಿದ್ದ. ಪ್ರವಾಸಿಗರೆಲ್ಲ ಪೊಲ್ಲಿಲೂರು ಯುದ್ಧದ ಗೋಡೆಚಿತ್ರದ ಮುಂದೆ ಸೆಲ್ಫಿ ತೆಗೆಯುತ್ತಿದ್ದರು. ಸೋತ ಇಂಗ್ಲಿಷರ ಚಿತ್ರವನ್ನು ಸಾಹೇಬ ಯಾಕೆ ಉಳಿಸಿಕೊಂಡ ಎಂದು ತಮ್ಮ ಕೇಳಿದ. ಗೆದ್ದವರಿಗೆ ಅಷ್ಟು ಧಾರಾಳ ಇರುತ್ತೆ ಬಿಡು ಅಂದೆ. ವಾಪಸ್ಸು ಬರುತ್ತಾ ಕಬ್ಬಿನ ಹಾಲು ಕುಡಿದೆವು. ಅಲ್ಲಿಗೆ ಮೊದಲ ದಿನ ಮುಗಿಯಿತು.

ಎರಡನೇ ದಿನ: ಕೋಟೆ ದಾರಿ

ಮೈಸೂರಿನಿಂದ ಎಚ್.ಡಿ. ಕೋಟೆ ಸುಮಾರು ಐವತ್ತು ಕಿಲೋಮೀಟರ್. ಬೆಳಿಗ್ಗೆ ಏಳಕ್ಕೆ ಬಿಟ್ಟು, ಹ್ಯಾಂಡ್ ಪೋಸ್ಟ್‌ನಲ್ಲಿ ತಟ್ಟೆ ಇಡ್ಲಿ ತಿಂದು, ಅಂತರಸಂತೆ ದಾಟುವ ಹೊತ್ತಿಗೆ ಬಿಸಿಲು ಏರಿತ್ತು. ಮಾರ್ಚ್ ಕೊನೆ. ಹತ್ತಿ ಹೊಲಗಳು ಬೋಳಾಗಿದ್ದವು. ಎಲ್ಲೆಲ್ಲೂ ರೆಸಾರ್ಟುಗಳ ಬೋರ್ಡು. ಪ್ರತಿ ಬೋರ್ಡಿನಲ್ಲೂ ಒಂದು ಹುಲಿ. ಇಲ್ಲಿರುವ ಮನುಷ್ಯರ ಮುಖ ಒಂದರಲ್ಲೂ ಇಲ್ಲ.

ಕಾರಾಪುರದ ಹತ್ತಿರ ಕಬಿನಿಯ ಹಿನ್ನೀರು ಕಾಣುವ ಕಡೆ ಗಾಡಿ ನಿಲ್ಲಿಸಿದೆವು. ನೀರು ಇಳಿದಿತ್ತು. ಮುಳುಗಿದ ಕಾಡಿನ ಮರದ ಬೊಡ್ಡೆಗಳು ಕರಿ ಹಲ್ಲುಗಳ ಹಾಗೆ ಮೇಲೆದ್ದು ನಿಂತಿದ್ದವು. 1974ರಲ್ಲಿ ಅಣೆಕಟ್ಟೆ ಮುಗಿದಾಗ ಕಾಕನಕೋಟೆಯ ಹೆಸರಾಂತ ಖೆಡ್ಡಾ ನಡೆಯುತ್ತಿದ್ದ ಜಾಗವೂ ನೀರೊಳಗೆ ಹೋಯಿತು. ಕೊನೆಯ ಖೆಡ್ಡಾ 1971ರಲ್ಲಿ. ಅದಕ್ಕೆ ಸುಮಾರು ನೂರು ವರ್ಷ ಹಿಂದೆ ಸ್ಯಾಂಡರ್‌ಸನ್ ಎಂಬ ಇಂಗ್ಲಿಷ್ ಅಧಿಕಾರಿ ಮೈಸೂರು ಸೀಮೆಯಲ್ಲಿ ಆನೆ ಹಿಂಡನ್ನು ಅಟ್ಟಿ ಕೂಡಿಹಾಕುವ ಈ ಬೇಟೆಗೆ ಕೈಹಾಕಿದ. ಹೊರದೇಶದ ಅತಿಥಿಗಳು ಮಂಟಪದಲ್ಲಿ ಕೂತು ನೋಡುತ್ತಿದ್ದರು. ಆನೆಯ ಜಾಡು ಹಿಡಿದು, ತಮಟೆ-ಪಂಜು ಹಿಡಿದು ಹಿಂಡನ್ನು ತರುತ್ತಿದ್ದವರು ಜೇನುಕುರುಬರು, ಬೆಟ್ಟಕುರುಬರು. ಹಿಡಿದ ಆನೆಯನ್ನು ಪಳಗಿಸುವ ಮಾವುತರು, ಕಾವಾಡಿಗಳಲ್ಲೂ ಅವರಿದ್ದರು. ದಸರಾ ಆನೆಗಳ ಜೊತೆ ಅರಮನೆ ಅಂಗಳದಲ್ಲಿ ಬಿಡಾರ ಹಾಕುವ ಕುಟುಂಬಗಳಲ್ಲಿ ಅವರ ಮೊಮ್ಮಕ್ಕಳು ಇವತ್ತೂ ಇದ್ದಾರೆ. ಕಾಡು ಕಿತ್ತುಕೊಂಡವರಿಗೆ ಕಾಡು ಬಲ್ಲವರಿಲ್ಲದೆ ಒಂದು ಹೆಜ್ಜೆ ಇಡಲು ಆಗುತ್ತಿರಲಿಲ್ಲ.

ಕಿತ್ತುಕೊಂಡದ್ದು ಹೇಗೆ ಅನ್ನುವುದನ್ನು ಇಲ್ಲಿ ಸ್ವಲ್ಪ ಹೇಳಬೇಕು, ಯಾಕೆಂದರೆ ಒಂದೂ ಗುಂಡು ಹಾರಿಸದೆ ಆದ ಕೆಲಸ ಅದು. 1831ರಿಂದ 1881ರವರೆಗೆ ಮೈಸೂರನ್ನು ಆಳಿದವರು ಬ್ರಿಟಿಷ್ ಕಮಿಷನರುಗಳು. 1864ರಲ್ಲಿ ಮೈಸೂರಿನ ಅರಣ್ಯ ಇಲಾಖೆ ಹುಟ್ಟಿತು. 1878ರಲ್ಲಿ ಬ್ರಿಟಿಷ್ ಇಂಡಿಯಾಕ್ಕೆ ದೊಡ್ಡ ಅರಣ್ಯ ಕಾಯ್ದೆ ಬಂತು, ಅದರ ಅಚ್ಚಿನಲ್ಲೇ 1900ರಲ್ಲಿ ಮೈಸೂರಿನ ಅರಣ್ಯ ರೆಗ್ಯುಲೇಷನ್. ಅದೇ 1900, ಬಿರ್ಸಾ ಸತ್ತ ವರ್ಷ. ಆ ದೊಡ್ಡ ಕಾಯ್ದೆಯ ಪ್ರಕಾರ ಒಂದು ಕಾಡನ್ನು ಮೀಸಲು ಮಾಡುವ ಮೊದಲು ಸರ್ಕಾರ ಸಾರಬೇಕು: ಈ ನೆಲದಲ್ಲಿ ಯಾರಿಗೆ ಹಕ್ಕಿದೆಯೋ ಬಂದು ಹೇಳಿ, ಕನಿಷ್ಠ 3 ತಿಂಗಳು ಕಾಲ. ಬರೆದಾದರೂ ಕೊಡಬಹುದು, ಬಾಯಲ್ಲಾದರೂ ಹೇಳಬಹುದು. ಎಷ್ಟು ನ್ಯಾಯವಾದ ಮಾತು! ಆದರೆ ಮರದ ಮೇಲಿನ ಜೇನು ತನ್ನದೆಂದು ತೋರಿಸಲು ಸಾಹೇಬನ ಡೇರೆ ಹುಡುಕಿಕೊಂಡು ಹೋಗಬೇಕು ಅಂತ ಹಾಡಿಯವನಿಗೆ, ಅಂದರೆ ಕಾಡಿನ ಬುಡಕಟ್ಟು ಕೇರಿಯವನಿಗೆ, ಯಾಕಾದರೂ ಹೊಳೆಯಬೇಕು? ಬಂದು ಕೇಳದವನ ಹಕ್ಕು ಬಿದ್ದುಹೋಯಿತು. ಅಲ್ಲಿಂದಾಚೆಗೆ ಬೆಂಕಿ ಹಾಕಿದರೆ ತಪ್ಪು, ಕುಮರಿ ಬೇಸಾಯಕ್ಕೆ ಕಾಡು ಕಡಿದರೆ ತಪ್ಪು, ದನ ಬಿಟ್ಟರೆ ತಪ್ಪು, ಜೇನು ಕಿತ್ತರೆ ತಪ್ಪು. ನಿನ್ನೆಯವರೆಗೆ ಬದುಕು ಅನ್ನಿಸಿಕೊಂಡಿದ್ದಕ್ಕೆಲ್ಲ ಮೊಕದ್ದಮೆ ಸಂಖ್ಯೆ ಬಿತ್ತು. ಆ ಸಂಖ್ಯೆ ಬರೆಯಿಸಲು ಕಾಡಿನಲ್ಲಿ ಓಡಾಡುತ್ತಿದ್ದವರು ನಮ್ಮ ತಾತನಂಥ ಬಿಲ್ಲೆಯವರು.

ದಮ್ಮನಕಟ್ಟೆಯಿಂದ ಮುಂದೆ ರಸ್ತೆ ಕಾಡೊಳಗೆ ಹೋಗುತ್ತದೆ. ಎಲೆಯುದುರಿದ ಕಾಡು. ರಸ್ತೆಯ ಎರಡೂ ಬದಿಯಲ್ಲಿ ಬೆಂಕಿ ರೇಖೆ ಸುಟ್ಟ ಕರಿ ಪಟ್ಟೆ. ಒಂದು ತಿರುವಿನಲ್ಲಿ ನಾಲ್ಕು ಹುಡುಗರು ಹಸಿ ಸೊಪ್ಪಿನ ಕೊಂಬೆ ಹಿಡಿದು ಕೂತಿದ್ದರು. ಬೇಸಗೆಗೆ ದಿನಗೂಲಿ ಮೇಲೆ ತೆಗೆದುಕೊಳ್ಳುವ ಬೆಂಕಿ ಕಾವಲುಗಾರರು. ಯಾವ ಹಾಡಿಯವರಪ್ಪಾ ಎಂದು ತಮ್ಮ ಕೇಳಿದ್ದಕ್ಕೆ ನಕ್ಕು ಬೇರೆ ಕಡೆ ನೋಡಿದರು. ಬಿಳಿಗಿರಿರಂಗನ ಬೆಟ್ಟದ ಸೋಲಿಗರಲ್ಲಿ 'ತರಗು ಬೆಂಕಿ' ಎಂಬ ಮಾತಿದೆ. ಬೇಸಗೆ ಬಲಿಯುವ ಮೊದಲೇ ನೆಲದ ತರಗು ಮಾತ್ರ ಸುಡುವಂತೆ ಹಾಕುವ ಸಣ್ಣ ಬೆಂಕಿ. ಅದನ್ನು ನಿಲ್ಲಿಸಿದ ಮೇಲೇ ಲಂಟಾನ ಹಬ್ಬಿದ್ದು, ಹಬ್ಬಿದ ಲಂಟಾನಕ್ಕೆ ಬೆಂಕಿ ಬಿದ್ದರೆ ಮರದ ತುದಿಯವರೆಗೆ ಏರುವುದು ಎಂದು ಅವರು ಹೇಳುತ್ತಾ ಬಂದಿದ್ದಾರೆ. ಆ ಲಂಟಾನವಾದರೂ ಬ್ರಿಟಿಷರು ತೋಟದ ಅಂದಕ್ಕೆಂದು ತಂದ ಗಿಡ. ಬೆಂಕಿ ಹಚ್ಚಿದ್ದಕ್ಕೆ ಅಜ್ಜನ ಮೇಲೆ ಕೇಸು, ಬೆಂಕಿ ಆರಿಸಲು ಮೊಮ್ಮಗನಿಗೆ ಕೂಲಿ!

ಬಳ್ಳೆಯಲ್ಲಿ ಅರ್ಜುನನ ಸ್ಮಾರಕಕ್ಕೆ ಕೈ ಮುಗಿದೆವು. ಅಂಬಾರಿ ಹೊತ್ತ ಆನೆ, 2023ರ ಡಿಸೆಂಬರ್‌ನಲ್ಲಿ ಸಕಲೇಶಪುರ ಕಡೆ ಕಾಡಾನೆ ಕಾರ್ಯಾಚರಣೆಯಲ್ಲಿ ಸತ್ತದ್ದು. ತಮ್ಮನ ಕಣ್ಣು ಒದ್ದೆಯಾಯಿತು, ನನ್ನದೂ. ಬಾವಲಿ ಗೇಟು ಸಂಜೆ ಆರಕ್ಕೆ ಮುಚ್ಚುತ್ತದೆ, ಇನ್ನೂ ಹೊತ್ತಿತ್ತು. ಆದರೂ ಗಡಿ ದಾಟಿದ ಕೂಡಲೇ ಟೈರು ಪಂಕ್ಚರ್ ಆಗಿ, ಜ್ಯಾಕ್ ಮನೆಯಲ್ಲೇ ಬಿಟ್ಟುಬಂದದ್ದು ಗೊತ್ತಾಗಿ, ಮಾನಂತವಾಡಿ ಸೇರುವಾಗ ಕತ್ತಲು. ಜ್ಯಾಕ್ ವಿಷಯ ತಮ್ಮ ಬರೆಯಬೇಡ ಅಂದಿದ್ದ.

ಮೂರನೇ ದಿನ: ಪನಮರಂ, ಹೊಳೆಯಾಚೆ

ಮಾನಂತವಾಡಿಯ ದಿಬ್ಬದ ಮೇಲೆ ಪಳಸ್ಸಿ ರಾಜನ ಸಮಾಧಿ. ಅಚ್ಚುಕಟ್ಟಾಗಿದೆ. 1805ರ ನವೆಂಬರ್ 30ರಂದು ಪುಲ್ಪಳ್ಳಿ ಹತ್ತಿರ ಮಾವಿಲತೋಡು ಎಂಬ ಹಳ್ಳದ ಬಳಿ ಅವನನ್ನು ಮುಗಿಸಿದ ಮೇಲೆ, ಸಬ್ ಕಲೆಕ್ಟರ್ ಬೇಬರ್ ಹೆಣವನ್ನು ತನ್ನ ಸ್ವಂತ ಪಲ್ಲಕ್ಕಿಯಲ್ಲೇ ಹೊರಿಸಿದ. ಶತ್ರುವಾದರೂ ರಾಜನಲ್ಲವೇ. ಬಿಲ್ಲುಗಾರರಿಗೆ ಪಲ್ಲಕ್ಕಿ ಯಾರು ತಂದರು ಅಂತ ಕೇಳಿಕೊಂಡು ಪನಮರಂಗೆ ಹೊರಟೆವು.

ಪನಮರಂ ಈಗ ಬಸ್ಸು, ಬೇಕರಿ, ಚಿನ್ನದಂಗಡಿಗಳ ಸಣ್ಣ ಪೇಟೆ. ಇಲ್ಲಿ ಕಂಪನಿಯ ಒಂದು ಕೋಟೆ ಇತ್ತು. 1802ರ ಅಕ್ಟೋಬರ್‌ನಲ್ಲಿ ನಡೆದದ್ದನ್ನು ಮಲಬಾರಿನ ಇಂಗ್ಲಿಷ್ ದಾಖಲೆಗಳೇ ಹೇಳುತ್ತವೆ. ಒಬ್ಬ ಸರ್ಕಾರಿ ಜವಾನ ಕುರಿಚಿಯನೊಬ್ಬನ ಮನೆಗೆ ಹೋಗಿ ಭತ್ತ ಕೊಡು ಎಂದು ದಬಾಯಿಸಿದ. ಪಳಸ್ಸಿಯ ದಂಡಿನ ಎಡಚ್ಚೇನ ಕುಂಗನ್ ಅಲ್ಲೇ ಇದ್ದ. ಜವಾನನನ್ನು ಅಲ್ಲೇ ಕೊಂದ. ಇಂಗ್ಲಿಷಿನವರು ಆ ಜವಾನನನ್ನು 'ಪಟ್ಟಿ ಕಟ್ಟಿದವನು' ಎಂದು ಬರೆದಿದ್ದಾರೆ. ನಮ್ಮ ಮಾತಿನಲ್ಲಿ ಹೇಳುವುದಾದರೆ ಬಿಲ್ಲೆ ಜವಾನ.

ಆಮೇಲೆ ತಲಕ್ಕಲ್ ಚಂದು ಎಂಬ ಕುರಿಚಿಯ ನಾಯಕನ ಕೈಕೆಳಗೆ ಸುಮಾರು 150 ಬಿಲ್ಲುಗಾರರು ಕೂಡಿದರು. ಕೋಟೆಯಲ್ಲಿದ್ದದ್ದು 70 ಸಿಪಾಯಿಗಳ ಪಡೆ, ಕ್ಯಾಪ್ಟನ್ ಡಿಕನ್ಸನ್ ಮತ್ತು ಲೆಫ್ಟಿನೆಂಟ್ ಮ್ಯಾಕ್ಸ್‌ವೆಲ್ ಎಂಬ ಇಬ್ಬರು ಅಧಿಕಾರಿಗಳು. ಇಬ್ಬರೂ ಸತ್ತರು. ಬಿಲ್ಲುಗಾರರ ಕೈಗೆ 112 ಕೋವಿ, 6 ಪೆಟ್ಟಿಗೆ ಮದ್ದುಗುಂಡು, 6000 ರೂಪಾಯಿ ಸಿಕ್ಕಿತು. ಕೋವಿಯ ಲೆಕ್ಕ, ಪೆಟ್ಟಿಗೆಯ ಲೆಕ್ಕ, ರೂಪಾಯಿಯ ಲೆಕ್ಕ ಬರೆದಿಟ್ಟ ಕಂಪನಿ, ಆ ನೂರೈವತ್ತು ಜನರ ಹೆಸರು ಬರೆದಿಡುವ ಗೋಜಿಗೆ ಹೋಗಲಿಲ್ಲ. ಮೂರು ವರ್ಷದ ಮೇಲೆ, ರಾಜ ಸಾಯುವ ಕೆಲವೇ ದಿನ ಮೊದಲು, ಅದೇ 1805ರ ನವೆಂಬರ್‌ನಲ್ಲಿ ಚಂದುವನ್ನು ಹಿಡಿದು ಕೊಂದರು.

ಅವನ ಸ್ಮಾರಕ ಒಂದು ದೊಡ್ಡ ಮರದ ಪಕ್ಕ ಇದೆ. ಅಲ್ಲಿಯವರು ಅದನ್ನು ಕೋಳಿಮರ ಅನ್ನುತ್ತಾರೆ. ತಮ್ಮ ಮರದ ತುಂಬ ಕೋಳಿ ಹುಡುಕಿದ. ನಾವು ಹೋದಾಗ ಯಾರೂ ಇರಲಿಲ್ಲ. ಪಕ್ಕದಿಂದ ಶಾಲೆಯ ಮಕ್ಕಳ ಗಲಾಟೆ ಕೇಳಿಸುತ್ತಿತ್ತು. ಹ್ಯಾಂಡ್‌ಬ್ಯಾಗಿನಲ್ಲಿದ್ದ ಬಿಲ್ಲೆಯ ನೆನಪಾಯಿತು. ತೆಗೆಯಲಿಲ್ಲ. ಬಿಲ್ಲು, ಬಿಲ್ಲೆ. ಕನ್ನಡದಲ್ಲಿ ಒಂದು ಸ್ವರದ ವ್ಯತ್ಯಾಸ.

ಕಥೆ ಅಲ್ಲಿಗೆ ಮುಗಿಯಲೂ ಇಲ್ಲ. ಕಂದಾಯವನ್ನು ಬೆಳೆಯಲ್ಲಲ್ಲ, ನಾಣ್ಯದಲ್ಲೇ ಕಟ್ಟಬೇಕು ಎಂದು ಕಂಪನಿ ಹಟ ಹಿಡಿದಾಗ 1812ರ ಮಾರ್ಚ್‌ನಲ್ಲಿ ಕುರಿಚಿಯರೂ ಕುರುಮರೂ ಮತ್ತೆ ಎದ್ದರು. ಈ ಸಲ ರಾಜನೂ ಇರಲಿಲ್ಲ. ಮಾನಂತವಾಡಿ, ಸುಲ್ತಾನ್ ಬತ್ತೇರಿಯ ಠಾಣೆಗಳನ್ನು ಮುತ್ತಿದರು. ಕರಾವಳಿಯಿಂದಲೂ ಮೈಸೂರು ಕಡೆಯಿಂದಲೂ ಪಡೆ ತರಿಸಿ ಮೇ ಹೊತ್ತಿಗೆ ಅಡಗಿಸಿದರು. ಮೈಸೂರು ಕಡೆಯಿಂದ! ನಮ್ಮ ಕಾಡಿನವರು ಯಾಕೆ ಎದ್ದೇಳಲಿಲ್ಲ ಎಂದು ಕೇಳಿಕೊಂಡು ಹೊರಟವಳಿಗೆ, ಎದ್ದವರನ್ನು ಅಡಗಿಸಲು ಹೋದ ದಾರಿ ನಮ್ಮೂರಿನದೇ ಎಂದು ತಿಳಿದದ್ದು ಅಷ್ಟೇನೂ ಹಿತವಾಗಿರಲಿಲ್ಲ. ಅದಕ್ಕೂ ಮೊದಲೇ, 1806ರಲ್ಲಿ, ಮಲಬಾರಿಗೆ ಕ್ಯಾಪ್ಟನ್ ವಾಟ್ಸನ್ ಎಂಬ ಪೊಲೀಸ್ ಅಧಿಕಾರಿಯನ್ನು ಅರಣ್ಯದ ಮೊದಲ ಕನ್ಸರ್ವೇಟರ್ ಮಾಡಿದ್ದರು. ಹಡಗು ಕಟ್ಟಲು ತೇಗ ಬೇಕಿತ್ತು. ಅವನ ಕಾಟ ತಾಳಲಾರದೆ ಮಲಬಾರಿನ ಮರದ ವ್ಯಾಪಾರಿಗಳೂ ಜಮೀನಿನವರೂ ಗದ್ದಲ ಎಬ್ಬಿಸಿ, 1823ರಲ್ಲಿ ಮದ್ರಾಸ್ ಗವರ್ನರ್ ಮನ್ರೋ ಆ ಹುದ್ದೆಯನ್ನೇ ತೆಗೆದುಹಾಕಿದ. ಅನುಕೂಲಸ್ಥರ ಅರ್ಜಿಗೆ ಹುದ್ದೆಯೇ ಹೋಯಿತು. ಬಿಲ್ಲುಗಾರರ ಕೂಗಿಗೆ ದಂಡು ಬಂತು.

ಪುಲ್ಪಳ್ಳಿಯಲ್ಲಿ ಮಾವಿಲತೋಡು ನೋಡಿಕೊಂಡು ಪೆರಿಕ್ಕಲ್ಲೂರು ಕಡವಿಗೆ ಬಂದೆವು. ಎದುರು ದಡ ಬೈರಕುಪ್ಪೆ, ನಮ್ಮ ಕೋಟೆ ತಾಲ್ಲೂಕು. ಕಾರು ಬಾವಲಿ ಸುತ್ತಿ ಬರಬೇಕು. ತಮ್ಮನನ್ನು ಅತ್ತ ಕಳಿಸಿ ನಾನು ದೋಣಿ ಹತ್ತಿದೆ. ಜೊತೆಗೆ ಮೂರು ಜನ ಶುಂಠಿ ಹೊಲದ ಕೂಲಿಯವರು, ಒಂದು ಸೈಕಲ್ಲು, ಒಂದು ಹುಂಜ. ಕಬಿನಿ ಇಲ್ಲಿ ಕಿರಿದು, ಬೇಸಗೆಯಲ್ಲಿ ತೀರಾ ಸಣ್ಣದು. ಎರಡು ರಾಜ್ಯದ ನಡುವಿನ ಪ್ರಯಾಣ ಐದು ನಿಮಿಷವೂ ಆಗಲಿಲ್ಲ. ಹುಂಜ ಕೇರಳದಲ್ಲಿ ಕೂಗಲು ಶುರುಮಾಡಿ ಕರ್ನಾಟಕದಲ್ಲಿ ನಿಲ್ಲಿಸಿತು.

ಆ ರಾತ್ರಿ ಉಳಿದದ್ದು ತಮ್ಮನ ಸ್ನೇಹಿತರ ಮನೆಯಲ್ಲಿ. ಆಶ್ರಮ ಶಾಲೆಯ ಮೇಷ್ಟ್ರು. ಸಂಜೆ ಅವರೇ ಕಾಡಂಚಿನ ಒಂದು ಹಾಡಿಗೆ ಕರೆದುಕೊಂಡು ಹೋದರು. ಅರ್ಧ ಜನ ಕೊಡಗಿನ ಕಾಫಿ ತೋಟದ ಲೈನ್‌ಮನೆಗಳಲ್ಲಿದ್ದರು. ಹಾಡಿಯಲ್ಲಿ ಮುದುಕರು, ಮಕ್ಕಳು, ನಾಯಿಗಳು. ಒಬ್ಬ ತಾತ ಒಲೆ ಮುಂದೆ ಕೂತಿದ್ದರು. ವಯಸ್ಸು ಕೇಳಿದರೆ, ಅಣೆಕಟ್ಟೆಗೆ ಕಲ್ಲು ಹೊತ್ತಾಗ ನನಗೆ ಮೂರು ಮಕ್ಕಳಿದ್ದವು ಅಂದರು. ಜೇನುಕುರುಬರು.

ಹೇಗೆ ಕೇಳುವುದು ಎಂದು ತಿಳಿಯದೆ ನೇರವಾಗಿ ಕೇಳಿಬಿಟ್ಟೆ. "ತಾತ, ನಿಮ್ಮ ಹಿರೀಕರು ಬಿಳಿ ದೊರೆಗಳ ಮೇಲೆ ಜಗಳ ಆಡಿದ್ದು ಏನಾದ್ರೂ ಕೇಳಿದ್ದೀರಾ?"

"ನಾವ್ ಜಗಳ ಆಡೋ ಜನ ಅಲ್ಲ ಕಣವ್ವಾ."

ಸ್ವಲ್ಪ ಹೊತ್ತು ಒಲೆ ಕೆದಕಿದರು. "ನಮ್ಮಪ್ಪಂಗೆ ಈ ಕಾಡೆಲ್ಲ ಗೊತ್ತು. ಯಾವ ಮರದಲ್ಲಿ ಹೆಜ್ಜೇನು, ಯಾವ ಪೊಟರೇಲಿ ತುಡುವೆ, ಎಲ್ಲ. ಸಾಹೇಬ್ರು ಬಂದು ಜೇನು ಮರ ತೋರಿಸು ಅಂದ್ರೆ ಮಾತ್ರ ದಾರಿ ಮರೆತೋಗೋದು. ಬೆಳಿಗ್ಗಿಂದ ಸಂಜೆಗಂಟ ಸುತ್ಸಿ ಸುತ್ಸಿ ಮತ್ತೆ ಡೇರೆ ತಾವ್ಕೆ ತಂದು ಬಿಡೋರಂತೆ. 'ಇವ್ನಿಗೆ ತಲೆ ಸರಿ ಇಲ್ಲ' ಅಂತ ಬಯ್ಯೋರಂತೆ ಸಾಹೇಬ್ರು." ಹೇಳಿ ಬಾಯ್ತುಂಬ ನಕ್ಕರು. ಸುತ್ತ ಕೂತ ಮಕ್ಕಳೂ ನಕ್ಕವು. ಎಷ್ಟನೇ ಸಲ ಕೇಳಿದ ಕಥೆಯೋ.

"ಆಮೇಲೆ?"

"ಆಮೇಲೇನು. ಎದ್ದೇಳಿ ಅಂದ್ರು, ಎದ್ವಿ. ಅವ್ರು ಅತ್ತ ಹೋದ್ರು, ನಾವು ಒಳಕ್ಕೆ ಹೋದ್ವಿ. ಗುಡಿಸ್ಲು ಕಿತ್ತಾಕಿದ್ರು, ಇನ್ನೊಂದು ತಾವು ಕಟ್ಟಿದ್ವಿ. ದೇವ್ರ ಕಲ್ಲು ಅಲ್ಲೇ ಅದಲ್ಲ, ನಾವ್ ಎಲ್ಲಿಗೆ ಹೋಗಾನ?"

ಇಷ್ಟು ಹೊತ್ತಿಗೆ ಧೈರ್ಯ ಬಂದು ಬ್ಯಾಗಿನಿಂದ ಬಿಲ್ಲೆ ತೆಗೆದೆ. ನನ್ನ ತಾತನದು, ಈ ಕಡೆಯೇ ಗಾರ್ಡ್ ಆಗಿದ್ದರು ಅಂದೆ. ತಾತನ ಹೆಸರನ್ನೂ ಹೇಳಿದೆ. ಅವರು ಕೈ ಚಾಚಲಿಲ್ಲ. ದೂರದಿಂದಲೇ ನೋಡಿದರು. ಒಂದು ಮಗು ಹಿಡಿದುಕೊಂಡು ಗಂಡಭೇರುಂಡದ ಎರಡೂ ತಲೆ ಎಣಿಸಿತು.

"ಬಿಲ್ಲೆ ಸಾಮಿ ಬಂದ್ರೆ ಮೊದ್ಲ ಹುಟ್ಟು ಅವ್ರಿಗೇ" ಅಂದರು. ಹುಟ್ಟು ಅಂದರೆ ಜೇನುಹುಟ್ಟು. "ಕೊಟ್ರೆ ಕೇಸಿಲ್ಲ. ಕೊಡ್ದಿದ್ರೆ ಕೇಸು. ಕೋಳಿ ಇದ್ರೆ ಕೋಳಿ."

"ಈ ಹೆಸರಿನವರು ನೆನಪಿದ್ದಾರಾ?"

"ಹೆಸ್ರು ಯಾರ್ ಕೇಳ್ತಿದ್ರವ್ವ. ಎಲ್ಲ ಬಿಲ್ಲೇನೂ ಒಂದೇ."

ಮೇಷ್ಟ್ರು ಮಾತು ಬದಲಾಯಿಸಿದರು. ಕರಿ ಚಹಾ ಬಂತು, ಬೆಲ್ಲ ಹಾಕಿದ್ದು. ಕುಡಿದು ಎದ್ದೆವು. ಬಿಲ್ಲೆ ಮಗುವಿನ ಕೈಯಲ್ಲೇ ಇತ್ತು; ಅದರ ಅಮ್ಮ ಓಡಿಬಂದು ವಾಪಸ್ಸು ಕೊಟ್ಟಳು, ಸೆರಗಿನಲ್ಲಿ ಒರೆಸಿ.

ರಾತ್ರಿ ನಿದ್ದೆ ಹತ್ತಲಿಲ್ಲ. ಸೊಳ್ಳೆ ಕಾಟ ಅಂತ ಬೆಳಿಗ್ಗೆ ಹೇಳಿದೆ.

ನಾಲ್ಕನೇ ದಿನ: ಹುಣಸೂರು ಮೇಲೆ ಮನೆಗೆ

ಹುಣಸೂರು ಕಡೆ ಸುತ್ತಿಕೊಂಡು ಹೋಗೋಣ ಅಂದದ್ದು ನಾನೇ. ತಂಬಾಕು ಹದ ಮಾಡುವ ಬ್ಯಾರನ್ ಮನೆಗಳ ನಡುವೆ ದಾರಿ. ವೀರನಹೊಸಹಳ್ಳಿ ಗೇಟು ಎಲ್ಲರಿಗೂ ಗೊತ್ತು. ದಸರಾ ಗಜಪಯಣ ಹೊರಡುವುದು ಇಲ್ಲಿಂದ, ಮಂತ್ರಿಗಳು ಆನೆಗೆ ಹೂ ಹಾಕುವ ಜಾಗ. ಅಲ್ಲಿಂದ ಒಳಗಿರುವ ನಾಗರಹೊಳೆ 1988ರಲ್ಲಿ ರಾಷ್ಟ್ರೀಯ ಉದ್ಯಾನವಾಯಿತು. ಅದಕ್ಕೆ ಮೊದಲು, ಆಮೇಲೆ, ಎರಡೂ ಕಾಲದಲ್ಲಿ ಹಾಡಿಗಳು ಹೊರಗೆ ಬಂದವು. ಹೈಕೋರ್ಟ್ ಆದೇಶದ ಮೇಲೆ ಪ್ರೊ. ಮುಜಫ್ಫರ್ ಅಸ್ಸಾದಿ ಅವರ ಸಮಿತಿ 2014ರಲ್ಲಿ ಕೊಟ್ಟ ವರದಿಯಲ್ಲಿ ಹೀಗೆ ಎಬ್ಬಿಸಿದ ಕುಟುಂಬಗಳ ಸಂಖ್ಯೆ 3,418. ಸಾಹೇಬರು ಹೋಗಿ ಆಗಲೇ ಎಷ್ಟೋ ವರ್ಷವಾಗಿತ್ತು. ಅವರ ಕಾಯ್ದೆ ಪುಸ್ತಕ ಮಾತ್ರ ಮೇಜಿನ ಮೇಲೇ ಇತ್ತು.

ನಾಗಾಪುರದ ಪುನರ್ವಸತಿ ಕೇಂದ್ರದಲ್ಲಿ ಒಂದು ಗಂಟೆ ನಿಂತೆವು. ಸಾಲುಮನೆ, ಹೊಲ, ನೀರಿನ ಟ್ಯಾಂಕು. ಒಂದು ಮನೆ ಜಗಲಿಯಲ್ಲಿ ಕೂತಿದ್ದ ಹೆಂಗಸರು ಮಾತಿಗೆ ಸಿಕ್ಕರು. ನನಗಿಂತ ಚಿಕ್ಕವರು, ಕಾಡಿನಿಂದ ಬಂದಾಗ ಹುಡುಗಿಯರಾಗಿದ್ದವರು. ಮುರ್ಕಲ್ ಎಂದರೆ ಈಗಲೂ ಅವರ ಧ್ವನಿ ಏರುತ್ತದೆ. ಹಾಡಿಯವರನ್ನು ಹೊರಗೆ ಹೋಗಿ ಅನ್ನುತ್ತಲೇ ನಾಗರಹೊಳೆಯ ಒಳಗೆ ಮುರ್ಕಲ್‌ನಲ್ಲಿ ದೊಡ್ಡ ಹೋಟೆಲಿನವರಿಗೆ ಜಾಗ ಗುತ್ತಿಗೆ ಕೊಟ್ಟಿದ್ದರು. 1996ರಲ್ಲಿ ಆದಿವಾಸಿಗಳು ರಸ್ತೆಗಿಳಿದರು, ಕೋರ್ಟಿಗೂ ಹೋದರು. 1997ರ ಜನವರಿಯಲ್ಲಿ ಹೈಕೋರ್ಟು ಆ ಗುತ್ತಿಗೆ ಕಾನೂನಿಗೆ ವಿರುದ್ಧ ಅಂದಿತು. "ಕಾಡಲ್ಲಿ ನಾವ್ ಇರಬಾರ್ದು, ದುಡ್ಡಿರೋರು ಮಲಗಬೌದು, ಇದ್ಯಾವ ನ್ಯಾಯ ಅಂತ ಕೇಳಿದ್ವಿ ಅಕ್ಕ" ಅಂದಳು ಒಬ್ಬಳು. ಇನ್ನೊಬ್ಬಳು, "ಮೇ ತಿಂಗ್ಳಲ್ಲಿ ಬನ್ನಿ, ಕುಂಡೆ ಹಬ್ಬಕ್ಕೆ. ನಾವ್ ದೇವ್ರನ್ನೇ ಬಿಡಲ್ಲ" ಎಂದು ಕಣ್ಣು ಹೊಡೆದಳು. ಕೊಡಗಿನ ದೇವರಪುರದ ಹಬ್ಬ ಅದು. ಹೆಣ್ಣುವೇಷ ಹಾಕಿಕೊಂಡ ಗಂಡಸರು ಬೀದಿಬೀದಿಯಲ್ಲಿ ಬಯ್ಯುತ್ತಾ ಕುಣಿಯುತ್ತಾರೆ, ಅಯ್ಯಪ್ಪನಿಗೂ ಬೈಗುಳ ತಪ್ಪಿದ್ದಲ್ಲ. ತಮ್ಮನ್ನು ಕಾಡಿಗೆ ಕರೆದುಕೊಂಡು ಬಂದು, ಭದ್ರಕಾಳಿ ಕಂಡದ್ದೇ ನಡುದಾರಿಯಲ್ಲಿ ಬಿಟ್ಟು ಅವಳ ಹಿಂದೆ ಹೋದನಲ್ಲ ಎಂಬ ಸಿಟ್ಟು. ಕೈಬಿಟ್ಟ ದೇವರನ್ನು ವರ್ಷಕ್ಕೊಮ್ಮೆ ಮರ್ಯಾದೆಯಿಲ್ಲದೆ ವಿಚಾರಿಸಿಕೊಳ್ಳುವ ಜನ. ನಮ್ಮವರಾಗಿದ್ದರೆ ಹರಕೆ ಹೊರುತ್ತಿದ್ದೆವು.

2006ರ ಅರಣ್ಯ ಹಕ್ಕು ಕಾಯ್ದೆ ತನ್ನ ಪೀಠಿಕೆಯಲ್ಲೇ ಒಪ್ಪಿಕೊಂಡಿದೆ: ವಸಾಹತು ಕಾಲದಲ್ಲೂ ಸ್ವತಂತ್ರ ಭಾರತದಲ್ಲೂ ಕಾಡನ್ನು ಸರ್ಕಾರದ್ದು ಮಾಡಿಕೊಳ್ಳುವಾಗ ಇವರ ಹಕ್ಕನ್ನು ಸರಿಯಾಗಿ ಗುರುತಿಸಲಿಲ್ಲ, ಅದು ಚಾರಿತ್ರಿಕ ಅನ್ಯಾಯ ಎಂದು. ಹಕ್ಕು ಕೇಳಲು ಮತ್ತೆ ಅರ್ಜಿ, ಮತ್ತೆ ಪುರಾವೆ. 2025ರ ಮೇ ತಿಂಗಳಲ್ಲಿ 52 ಜೇನುಕುರುಬ ಕುಟುಂಬಗಳು ಅರ್ಜಿ ಹಾಕಿ ಕಾದು ಸಾಕಾಗಿ ನಾಗರಹೊಳೆಯೊಳಗಿನ ಕರಡಿಕಲ್ಲು ಕಡೆಯ ತಮ್ಮ ಹಳೇ ಹಾಡಿಗೆ ನಡೆದೇ ಹೋಗಿ ಗುಡಿಸಲು ಹಾಕಿದವು. ಸುದ್ದಿ ಓದಿದಾಗ 'ಅತಿಕ್ರಮಣ' ಎಂಬ ಶಬ್ದವೇ ನನ್ನ ಬಾಯಿಗೂ ಬಂದಿತ್ತು. ಬೈರಕುಪ್ಪೆಯ ತಾತನ ಮಾತು ಕೇಳಿದ ಮೇಲೆ, ಅದು ಹೊಸ ಸುದ್ದಿಯೇ ಅಲ್ಲ ಅನ್ನಿಸಿತು. ಅವರು ಅತ್ತ ಹೋದರು, ಇವರು ಒಳಕ್ಕೆ ಹೋದರು.

ಹುಣಸೂರಿನಲ್ಲಿ ಆದಿವಾಸಿಗಳ ಸಹಕಾರ ಸಂಘವಾದ ಲ್ಯಾಂಪ್ಸ್ ಸೊಸೈಟಿಯ ಜೇನು ಸಿಕ್ಕಿತು. ಒಂದು ಕೆ.ಜಿ. ಬಾಟಲಿ. ತಮ್ಮ ಚೌಕಾಸಿಗೆ ಬಾಯಿ ತೆರೆದ, ನಾನು ಕಾಲು ತುಳಿದೆ. ರಸೀದಿ ಬರೆಸಿಕೊಂಡೆ.

ಮನೆಗೆ ಬಂದಾಗ ಎಂಟು ಗಂಟೆ. ಅಮ್ಮ ಧಾರಾವಾಹಿ ಮುಂದೆ ಕೂತಿದ್ದರು. ಬಾಟಲಿ ಬೆಳಕಿಗೆ ಹಿಡಿದು ನೋಡಿ, ಚಮಚದಲ್ಲಿ ನೆಕ್ಕಿ, "ತುಡುವೆ. ಹೆಜ್ಜೇನಲ್ಲ" ಅಂದರು. ಎಂಬತ್ತೆರಡು ವರ್ಷವಾದರೂ ನಾಲಗೆ ಮರೆತಿಲ್ಲ. "ಎಷ್ಟು ಕೊಟ್ಟೆ?"

ಹೇಳಿದೆ.

"ಅಷ್ಟೊಂದಾ! ನಮ್ಮಪ್ಪ ಸೀಮೆಎಣ್ಣೆ ಡಬ್ಬಿ ತುಂಬ ತರೋರು. ಕಾಡಿನವ್ರು ಪ್ರೀತಿಯಿಂದ ಕೊಡೋರು, ಒಂದು ಕಾಸು ಕೊಟ್ಟಿದ್ದು ಕಾಣೆ."

ಬಿಲ್ಲೆಯನ್ನು ಟೇಬಲ್ಲಿನ ಮೇಲಿಟ್ಟೆ. ಅಮ್ಮ ಟಿವಿ ಸದ್ದು ಕಡಿಮೆ ಮಾಡಿದರು.

"ಅಲ್ಲಿ ಯಾರಿಗಾದ್ರೂ ತೋರಿಸಿದ್ಯಾ ಇದನ್ನ?"

"ಒಬ್ಬ ತಾತನಿಗೆ ತೋರಿಸ್ದೆ."

"ನಮ್ಮಪ್ಪನ ಹೆಸರು ಹೇಳಿದ್ಯಾ? ಗೊತ್ತಿತ್ತಾ ಅವರಿಗೆ?"

"ಇಲ್ಲಮ್ಮ. ಗೊತ್ತಿರಲಿಲ್ಲ."

"ಒಳ್ಳೇದಾಯ್ತು ಬಿಡು" ಅಂದರು ಅಮ್ಮ, ಚಮಚ ಮತ್ತೆ ಬಾಟಲಿಗೆ ಹಾಕುತ್ತಾ.